ಮಂಗಳೂರಲ್ಲೇ ಇದ್ಕೊಂಡು ಫ್ಯಾಷನ್ ಬೈಯಿಂಗ್, ಮರ್ಚಂಡೈಸಿಂಗ್ ಕಲಿಯೋದು ಹೇಗೆ? ಅಪ್ರೆಂಟಿಸ್‌ಶಿಪ್ ಮಾಡುವವರಿಗೆ ಸಮಗ್ರ ಮಾರ್ಗದರ್ಶಿ

ಬಿಕಾಂ, ಬಿಬಿಎ ಮುಗ್ಸಿದ ಮಕ್ಕಳು, ಐಟಿಐಯಲ್ಲಿ ಡ್ರೆಸ್ ಮೇಕಿಂಗ್ ಕಲ್ತ ಹುಡುಗಿಯರು, ಎರಡು ಮೂರು ವರ್ಷ ಸೇಲ್ಸ್ ಕೌಂಟರಲ್ಲಿ ನಿಂತು ಇನ್ನು ಮುಂದೆ ಎಂತ ಅಂತ ಯೋಚಿಸುವವರು, ಎಲ್ಲರೂ ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. ಬಟ್ಟೆ ಅಂಗಡಿಯಲ್ಲಿ ಪರ್ಚೇಸ್ ನೋಡ್ಕೊಳ್ಳುವ ಕೆಲಸಕ್ಕೆ ಹೋಗ್ಬೇಕು, ಎಲ್ಲಿಂದ ಶುರು ಮಾಡೋದು, ಬೆಂಗಳೂರಿಗೇ ಹೋಗ್ಬೇಕಾ? ಮೊದಲ ಒಂದು ವರ್ಷ ಮಂಗಳೂರು ಅಥವಾ ಉಡುಪಿಯಲ್ಲೇ ಮಾಡಿ ಅಂತ ನಾನು ಹೇಳ್ತೇನೆ. ಯಾಕಂದ್ರೆ ಇಲ್ಲಿ ಮಾಲು ತರಿಸುವವರು, ಮಾರುವವರು, ಕೊಳ್ಳುವವರು ಮೂವರೂ ಒಂದೇ ಕಟ್ಟಡದಲ್ಲಿ ಸಿಗ್ತಾರೆ. ತಂದ ಬಟ್ಟೆ ಹೋಯ್ತಾ, ಕಪಾಟಲ್ಲೇ ಕೂತ್ಕೊಂಡಿತಾ ಅಂತ ಕಣ್ಣೆದುರೇ ಕಾಣ್ತದೆ, ಈ ಕೆಲಸದಲ್ಲಿ ಕಲಿಯೋಕೆ ಇರೋದೂ ಮುಖ್ಯವಾಗಿ ಅದೇ.

ಮೊದಲು ಕೆಲಸ ಎಂತದು ಅಂತ ತಿಳ್ಕೊಳ್ಳಿ

ಬೈಯರ್ ಅಂದ್ರೆ ಯಾವ ಬಟ್ಟೆ, ಯಾರ ಹತ್ರ, ಯಾವ ರೇಟಿಗೆ ಅಂತ ತೀರ್ಮಾನ ಮಾಡುವವರು. ಮರ್ಚಂಡೈಸರ್ ಅಂದ್ರೆ ಎಷ್ಟು ಪೀಸ್, ಯಾವ ಸೈಜಲ್ಲಿ ಎಷ್ಟು, ಯಾವ ಬ್ರಾಂಚಿಗೆ ಎಷ್ಟು, ಯಾವಾಗ ಬರ್ಬೇಕು, ಹೋಗದಿದ್ರೆ ಯಾವಾಗ ಡಿಸ್ಕೌಂಟ್ ಹಾಕೋದು ಅಂತ ಲೆಕ್ಕ ಇಡುವವರು. ದೊಡ್ಡ ಕಂಪೆನಿಗಳಲ್ಲಿ ಇದು ಎರಡು ಬೇರೆ ಬೇರೆ ಟೀಮ್, ನಮ್ಮೂರಿನ ಜವಳಿ ಅಂಗಡಿಯಲ್ಲಿ ಎರಡನ್ನೂ ಒಬ್ರೇ ಮಾಡ್ತಾರೆ, ಹೆಚ್ಚಾಗಿ ಧನಿಗಳ ಮನೆಯವ್ರು ಅಥವಾ ಇಪ್ಪತ್ತು ವರ್ಷದಿಂದ ಅಲ್ಲೇ ಇರುವ ಪರ್ಚೇಸ್ ಮ್ಯಾನೇಜರ್.

ವಿಶುವಲ್ ಮರ್ಚಂಡೈಸಿಂಗ್ ಅನ್ನೋದು ಬೊಂಬೆಗೆ ಬಟ್ಟೆ ಹಾಕೋದು, ಡಿಸ್‌ಪ್ಲೇ ಮಾಡೋದು, ಅದು ಇನ್ನೊಂದು ಕೆಲಸ. ಮತ್ತೆ ಬೆಂಗಳೂರು, ತಿರುಪ್ಪೂರಿನ ಎಕ್ಸ್‌ಪೋರ್ಟ್ ಗಾರ್ಮೆಂಟ್ ಫ್ಯಾಕ್ಟರಿಗಳಲ್ಲೂ ಮರ್ಚಂಡೈಸರ್ ಅಂತ ಒಂದು ಹುದ್ದೆ ಉಂಟು, ಅಲ್ಲಿ ಅದರ ಅರ್ಥ ವಿದೇಶಿ ಪಾರ್ಟಿಯ ಆರ್ಡರನ್ನು ಸ್ಯಾಂಪಲಿನಿಂದ ಹಿಡಿದು ಶಿಪ್‌ಮೆಂಟ್ ತನಕ ಫಾಲೋ ಅಪ್ ಮಾಡೋದು. ಅರ್ಜಿ ಹಾಕುವಾಗ ಬರೀ ಮರ್ಚಂಡೈಸರ್ ಅನ್ನುವ ಶಬ್ದ ನೋಡಿ ಹಾಕ್ಬೇಡಿ, ಕೆಲಸದ ವಿವರ ಪೂರ್ತಿ ಓದಿ.

ಯಾವ ದಾರಿಯಲ್ಲಿ ಸೇರೋದು

ನಮ್ಮಲ್ಲಿ ಅಪ್ರೆಂಟಿಸ್‌ಶಿಪ್ಪಿಗೆ, ಅಂದ್ರೆ ಕೆಲಸ ಮಾಡ್ತಾ ಕಲಿಯೋದಕ್ಕೆ, ಕಾನೂನೇ ಉಂಟು, 1961ರ ಅಪ್ರೆಂಟಿಸ್ ಕಾಯ್ದೆ. ಅದರ ನಿಯಮದ ಪ್ರಕಾರ 30 ಮತ್ತು ಅದಕ್ಕಿಂತ ಹೆಚ್ಚು ಜನ ಕೆಲಸಕ್ಕಿರುವ ಸಂಸ್ಥೆ ತನ್ನ ಸಿಬ್ಬಂದಿಯ ಶೇಕಡಾ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತಗೊಳ್ಳಲೇಬೇಕು. ನಾಲ್ಕರಿಂದ 29 ಜನ ಇರುವ ಅಂಗಡಿಗೆ ಕಡ್ಡಾಯ ಇಲ್ಲ, ಇಷ್ಟ ಇದ್ರೆ ತಗೊಳ್ಬಹುದು. ಇದು ಗೊತ್ತಿಲ್ಲದ ಅಂಗಡಿಯವ್ರು ಬಹಳ ಜನ ಇದ್ದಾರೆ, ಹಾಗಾಗಿ ನೀವಾಗಿ ಹೋಗಿ ಕೇಳಿದ್ರೆ ತಪ್ಪೇನಿಲ್ಲ.

ಕೇಂದ್ರದ್ದು ಎರಡು ಸ್ಕೀಮ್. ಒಂದು 2016ರಲ್ಲಿ ಶುರುವಾದ ನ್ಯಾಷನಲ್ ಅಪ್ರೆಂಟಿಸ್‌ಶಿಪ್ ಪ್ರೊಮೋಷನ್ ಸ್ಕೀಮ್, ಬಾಯಿಮಾತಲ್ಲಿ ನ್ಯಾಪ್ಸ್. ಇದರಲ್ಲಿ ನಿಮ್ಮ ಸ್ಟೈಪೆಂಡಿನ (ಕಲಿಯುವಾಗ ಸಿಗುವ ತಿಂಗಳ ದುಡ್ಡು) ಕಾಲು ಭಾಗ, ಅಂದ್ರೆ ತಿಂಗಳಿಗೆ ಹೆಚ್ಚೆಂದ್ರೆ 1,500 ರೂಪಾಯಿ, ಸರ್ಕಾರದಿಂದ ನೇರ ನಿಮ್ಮ ಬ್ಯಾಂಕ್ ಖಾತೆಗೆ ಬರ್ತದೆ, ಉಳಿದದ್ದು ಅಂಗಡಿಯವ್ರು ಕೊಡ್ಬೇಕು. ಇನ್ನೊಂದು ಡಿಪ್ಲೊಮಾ, ಡಿಗ್ರಿ ಆದವರಿಗೆ ಇರುವ ನ್ಯಾಷನಲ್ ಅಪ್ರೆಂಟಿಸ್‌ಶಿಪ್ ಟ್ರೈನಿಂಗ್ ಸ್ಕೀಮ್, ಅಂದ್ರೆ ನ್ಯಾಟ್ಸ್, ಅದರಲ್ಲಿ ಕನಿಷ್ಠ ಸ್ಟೈಪೆಂಡಿನ ಅರ್ಧ ಸರ್ಕಾರದ್ದು, ದಕ್ಷಿಣ ಭಾರತಕ್ಕೆ ಅದರ ಆಫೀಸು ಚೆನ್ನೈಯಲ್ಲಿ. 2019ರ ತಿದ್ದುಪಡಿಯಲ್ಲಿ ನಿಗದಿ ಮಾಡಿದ ಕನಿಷ್ಠ ಸ್ಟೈಪೆಂಡ್ ಎಸ್ಸೆಸ್ಸೆಲ್ಸಿ ಆದವರಿಗೆ 6,000, ಪಿಯುಸಿಗೆ 7,000, ಡಿಪ್ಲೊಮಾಕ್ಕೆ 8,000, ಡಿಗ್ರಿಗೆ 9,000. ಇದಕ್ಕಿಂತ ಕಮ್ಮಿ ಕೊಡುವ ಹಾಗಿಲ್ಲ, ಹೆಚ್ಚು ಕೊಡ್ಬಹುದು. ಸೇರುವ ಹೊತ್ತಿಗೆ ಚಾಲ್ತಿಯಲ್ಲಿರುವ ದರ ಪೋರ್ಟಲಲ್ಲೇ ನೋಡ್ಕೊಳ್ಳಿ.

ಮಾಡ್ಬೇಕಾದ್ದು ಇಷ್ಟು. ಆಧಾರ್ ಲಿಂಕ್ ಆದ ಬ್ಯಾಂಕ್ ಖಾತೆ ಸರಿ ಮಾಡಿ ಇಟ್ಕೊಳ್ಳಿ, ಅಪ್ರೆಂಟಿಸ್‌ಶಿಪ್ ಇಂಡಿಯಾ ಪೋರ್ಟಲಲ್ಲಿ ಕ್ಯಾಂಡಿಡೇಟ್ ಆಗಿ ರಿಜಿಸ್ಟರ್ ಆಗಿ, ಪ್ರೊಫೈಲಲ್ಲಿ ಎಲ್ಲ ಸರ್ಟಿಫಿಕೇಟ್ ಏರ್ಸಿ, ರೀಟೇಲ್ ವಿಭಾಗ ಆರ್ಸಿ ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಯಲ್ಲಿ ಹುಡುಕಿ. ಅಲ್ಲಿ ಬೈಯರ್ ಅಂತ ಬರೆದ ಅವಕಾಶ ಸಿಗೋದು ಅಪರೂಪ, ರೀಟೇಲ್ ಟ್ರೈನಿ ಅಸೋಸಿಯೇಟ್, ಸೇಲ್ಸ್ ಅಸೋಸಿಯೇಟ್ ಇಂಥ ಹೆಸರಲ್ಲೇ ಇರ್ತದೆ, ಅದಕ್ಕೆ ಬೇಜಾರಾಗ್ಬೇಡಿ. ಹೆಸರು ಯಾವುದಾದ್ರೂ ಇರ್ಲಿ, ಒಳಗೆ ನಿಮಗೆ ಎಂತೆಂತ ಕೆಲಸ ತೋರಿಸ್ತಾರೆ ಅನ್ನೋದನ್ನು ಮಾತಾಡಿ ಗಟ್ಟಿ ಮಾಡ್ಕೊಳ್ಳೋದು ಮುಖ್ಯ. ರೀಟೇಲ್ ಕೋರ್ಸುಗಳ ಸಿಲೆಬಸ್ ಮಾಡೋದು ರಾಸ್ಕಿ ಅನ್ನುವ ಸ್ಕಿಲ್ ಕೌನ್ಸಿಲ್, ಗಾರ್ಮೆಂಟಿನವರಿಗೆ ಬೇರೆ ಕೌನ್ಸಿಲ್ ಉಂಟು. ಇನ್ನೂ ಡಿಗ್ರಿಗೆ ಸೇರದವರು ಇನ್ನೊಂದು ವಿಷಯ ವಿಚಾರಿಸಿ. 2020ರಲ್ಲಿ ಯುಜಿಸಿ ಡಿಗ್ರಿಯೊಳಗೇ ಅಪ್ರೆಂಟಿಸ್‌ಶಿಪ್ ಸೇರಿಸುವ ಮಾರ್ಗಸೂಚಿ ತಂದಿದೆ, ನೀವು ಸೇರುವ ಕಾಲೇಜಲ್ಲಿ ಅಂಥ ಕೋರ್ಸ್ ಉಂಟಾ ಅಂತ ಅಡ್ಮಿಷನ್ ಟೈಮಲ್ಲೇ ಕೇಳಿ.

ಒಪ್ಪಂದ ಅಂದ್ರೆ ಕಾಂಟ್ರ್ಯಾಕ್ಟ್ ಪೋರ್ಟಲಲ್ಲೇ ಆಗ್ಬೇಕು. ಅಪ್ರೆಂಟಿಸ್‌ಗೆ ಪಿಎಫ್, ಇಎಸ್‌ಐ ಕಟ್ ಆಗೋದಿಲ್ಲ, ಓವರ್‌ಟೈಮ್ ಮಾಡಿಸ್ಬೇಕಾದ್ರೆ ಅಂಗಡಿಯವ್ರು ಅಪ್ರೆಂಟಿಸ್‌ಶಿಪ್ ಅಡ್ವೈಸರ್ ಅನ್ನುವ ಸರ್ಕಾರಿ ಅಧಿಕಾರಿಯ ಒಪ್ಪಿಗೆ ತಗೊಂಡಿರ್ಬೇಕು, ಮುಗಿದ ಮೇಲೆ ಕೆಲಸ ಕೊಡಲೇಬೇಕು ಅಂತ ಕಾನೂನಿಲ್ಲ. ಪರೀಕ್ಷೆ ಪಾಸಾದ್ರೆ ನ್ಯಾಷನಲ್ ಅಪ್ರೆಂಟಿಸ್‌ಶಿಪ್ ಸರ್ಟಿಫಿಕೇಟ್ ಸಿಗ್ತದೆ. ಸುಮ್ನೆ ಬಾಯಿಮಾತಲ್ಲಿ "ಬಾ, ಕಲಿ, ನೋಡುವ" ಅಂದ್ರೆ ಆ ಸರ್ಟಿಫಿಕೇಟೂ ಇಲ್ಲ, ಸರ್ಕಾರದ ಪಾಲೂ ಇಲ್ಲ.

ಅಂಗಡಿ ಆರ್ಸೋದು

ಶಾಪಿಂಗ್ ಮಾಲಲ್ಲಿರುವ ದೊಡ್ಡ ಬ್ರ್ಯಾಂಡಿನ ಸ್ಟೋರಿಗೆ ಸೇರಿದ್ರೆ ಸಿಸ್ಟಂ ಕಲೀಬಹುದು. ಬಾರ್‌ಕೋಡ್, ಸ್ಟಾಕ್ ಆಡಿಟ್, ಯಾವ ಮಾಲು ಎಲ್ಲಿ ಇಡ್ಬೇಕು ಅನ್ನುವ ನಕ್ಷೆ ಅಂದ್ರೆ ಪ್ಲಾನೋಗ್ರಾಮ್ ಎಲ್ಲ ಶಿಸ್ತಾಗಿ ಇರ್ತದೆ. ಆದ್ರೆ ಯಾವ ಬಟ್ಟೆ ಬರ್ಬೇಕು ಅಂತ ಅಲ್ಲಿ ಯಾರೂ ತೀರ್ಮಾನ ಮಾಡೋದಿಲ್ಲ. ಲೈಫ್‌ಸ್ಟೈಲ್, ಮ್ಯಾಕ್ಸ್, ಮಿಂತ್ರಾ, ಆದಿತ್ಯ ಬಿರ್ಲಾದ ಮಧುರಾ ಇವರ ಬೈಯಿಂಗ್ ಆಫೀಸೆಲ್ಲ ಬೆಂಗಳೂರಲ್ಲೇ, ಮಂಗಳೂರಿನ ಸ್ಟೋರಿಗೆ ಬಾಕ್ಸ್ ಬರ್ತದೆ, ಬಿಚ್ಚಿ ಹ್ಯಾಂಗರಿಗೆ ಹಾಕೋದು ಅಷ್ಟೇ.

ಹಂಪನಕಟ್ಟೆ, ಕಾರ್‌ಸ್ಟ್ರೀಟ್, ಉಡುಪಿಯ ರಥಬೀದಿ ಸುತ್ತಮುತ್ತ, ಕುಂದಾಪುರ, ಪುತ್ತೂರಲ್ಲಿರುವ ಮನೆತನದ ಜವಳಿ ಅಂಗಡಿಗಳಲ್ಲಿ ಹಾಗಲ್ಲ, ಪರ್ಚೇಸ್ ಅಲ್ಲೇ ಆಗ್ತದೆ. ಬೆಳಿಗ್ಗೆ ಹನ್ನೊಂದಕ್ಕೆ ಏಜೆಂಟರು ಸ್ಯಾಂಪಲ್ ಬ್ಯಾಗ್ ಹಿಡ್ಕೊಂಡು ಬರ್ತಾರೆ, ಒಳಗಿನ ರೂಮಲ್ಲಿ ಸೀರೆ ಬಿಚ್ಚಿ ಹಾಸ್ತಾರೆ, ರೇಟಿನ ಮಾತು ನಡೀತದೆ. ಆ ರೂಮಲ್ಲಿ ಒಂದು ಮೂಲೆಯಲ್ಲಿ ಕೂತ್ಕೊಳ್ಳುವ ಅವಕಾಶ ಸಿಕ್ಕಿದ್ರೆ ಅದೇ ನಿಮ್ಮ ಕಾಲೇಜು. ಹಾಗಾಗಿ ನನ್ನ ಶಿಫಾರಸು ಮೂವತ್ತಕ್ಕಿಂತ ಹೆಚ್ಚು ಸಿಬ್ಬಂದಿ ಇರುವ, ಕಂಪ್ಯೂಟರ್ ಬಿಲ್ಲಿಂಗ್ ಇರುವ ಇಂಥ ಅಂಗಡಿ. ಕಂಪ್ಯೂಟರ್ ಇಲ್ಲದಿದ್ರೆ ಲೆಕ್ಕ ಸಿಗೋದಿಲ್ಲ, ಲೆಕ್ಕ ಸಿಗದಿದ್ರೆ ಮರ್ಚಂಡೈಸಿಂಗ್ ಕಲಿಯೋಕಾಗೋದಿಲ್ಲ.

ಸೈನ್ ಹಾಕುವ ಮೊದಲು ಧನಿಗಳ ಹತ್ರ ಮರ್ಯಾದೆಯಿಂದಲೇ ನಾಲ್ಕು ಮಾತು ಕೇಳಿ. ಕೌಂಟರ್, ಗೋಡೌನ್, ಬಿಲ್ಲಿಂಗ್, ಪರ್ಚೇಸ್ ಪ್ರತಿಯೊಂದರಲ್ಲೂ ಎಷ್ಟು ತಿಂಗಳು? ಸೇಲ್ಸ್ ರಿಪೋರ್ಟ್ ನೋಡ್ಲಿಕ್ಕೆ ಬಿಡ್ತೀರಾ? ಏಜೆಂಟ್ ಬಂದಾಗ ಕೂತ್ಕೊಳ್ಬಹುದಾ? ಯಾರ ಕೈಕೆಳಗೆ ಕಲಿಯೋದು? "ಸಾರ್, ರೇಟ್ ಎಲ್ಲ ಹೊರಗೆ ಹೇಳೋದಿಲ್ಲ" ಅಂತ ನೀವಾಗೇ ಮೊದಲು ಹೇಳಿ, ಯಾಕಂದ್ರೆ ಅವರ ಹೆದರಿಕೆ ಅದೇ, ಕಲಿತವ್ರು ಪಕ್ಕದ ಅಂಗಡಿಗೆ ರೇಟ್ ತಗೊಂಡು ಹೋಗ್ತಾರೆ ಅಂತ, ಅದು ನ್ಯಾಯವಾದ ಹೆದರಿಕೆಯೇ. ಇಡೀ ವರ್ಷ ಸೀರೆ ಮಡಚೋಕೇ ನಿಲ್ಲಿಸುವ ಜಾಗ ಅಂತ ವಾಸನೆ ಬಂದ್ರೆ ಬೇರೆ ನೋಡಿ. ಮತ್ತೆ ಅಂಗಡಿ ಮುಚ್ಚೋದು ರಾತ್ರಿ ಎಂಟೂವರೆ ಒಂಬತ್ತಕ್ಕೆ, ಮೂಡುಬಿದ್ರೆ, ಬಿ.ಸಿ.ರೋಡ್ ಕಡೆಯಿಂದ ಬರುವವ್ರು ಲಾಸ್ಟ್ ಬಸ್ಸಿನ ವಿಷಯ ಮೊದಲೇ ಮಾತಾಡ್ಕೊಳ್ಳಿ, ಹಬ್ಬದ ಸೀಸನಲ್ಲಿ ಇದು ದೊಡ್ಡ ತಲೆನೋವು.

ಮೊದಲ ಮೂರು ತಿಂಗಳು: ಕೌಂಟರ್

ಇದನ್ನು ತಪ್ಪಿಸ್ಬೇಡಿ. ಡಿಗ್ರಿ ಆಗಿದೆ, ನಾನ್ಯಾಕೆ ಮಡಚ್ಬೇಕು ಅಂತ ಅನ್ನಿಸೋದು ಸಹಜ, ಆದ್ರೆ ನಾಳೆ ನೀವು ಐನೂರು ಪೀಸಿಗೆ ಆರ್ಡರ್ ಹಾಕುವಾಗ ಕಣ್ಮುಂದೆ ಬರ್ಬೇಕಾದ್ದು ಈ ಕೌಂಟರಿನ ಎದುರು ಕೂತ ಅಮ್ಮ, ಅಕ್ಕಂದಿರ ಮುಖವೇ. ಒಂದು ಸಣ್ಣ ಪಾಕೆಟ್ ಪುಸ್ತಕ ಇಟ್ಕೊಳ್ಳಿ, ಅದರಲ್ಲಿ ಗಿರಾಕಿ ಕೇಳಿ ನಮ್ಮಲ್ಲಿ ಇಲ್ಲದ್ದನ್ನು ಮಾತ್ರ ಬರೀರಿ. ಕಂಪ್ಯೂಟರಿನ ರಿಪೋರ್ಟಲ್ಲಿ ಮಾರಿದ್ದು ಮಾತ್ರ ಕಾಣ್ತದೆ, ಕೇಳಿ ಸಿಗದೆ ಎದ್ದು ಹೋದವರು ಅದರಲ್ಲಿ ಎಲ್ಲೂ ಇರೋದಿಲ್ಲ. "ಉಂದೆಟ್ ಬೇತೆ ಕಲರ್ ಉಂಡಾ" (ಇದರಲ್ಲಿ ಬೇರೆ ಕಲರ್ ಉಂಟಾ) ಅಂತ ತುಳುವಲ್ಲಿ ಕೇಳಿದ್ರೆ ಯಾವ ಡಿಸೈನ್, ಯಾವ ಕಲರ್ ಬೇಕಿತ್ತು ಅಂತ ಬರೀರಿ. ತೋಳು ಉದ್ದ ಇರುವ ಕುರ್ತಿ ಇಲ್ವಾ, ಇದೇ ಬಾರ್ಡರಲ್ಲಿ ಕಾಟನ್ ಇಲ್ವಾ, ಎಂಟು ವರ್ಷದ ಹುಡುಗಿಗೆ ಇದು ಸಣ್ಣ ಮಗುವಿನ ಫ್ರಾಕ್ ಆಯ್ತು, ದೊಡ್ಡವ್ರ ಹಾಗಿನದ್ದು ಬೇಕು ಅಂದ್ರು, ಎಲ್ಲ ಬರೀರಿ. ತಿಂಗಳ ಕೊನೆಗೆ ಒಂದೇ ಮಾತು ನಾಲ್ಕೈದು ಸಲ ಬಂದಿದ್ರೆ ಪರ್ಚೇಸ್ ಮ್ಯಾನೇಜರಿಗೆ ತೋರ್ಸಿ, ನಿಮ್ಮ ಬಗ್ಗೆ ಅವರಿಗೆ ಗೌರವ ಹುಟ್ಟುವುದು ಅಲ್ಲಿಂದ.

ನಮ್ಮ ಕೌಂಟರಲ್ಲಿ ತುಳು, ಕೊಂಕಣಿ, ಬ್ಯಾರಿ, ಕನ್ನಡ, ಮಲಯಾಳ ಎಲ್ಲ ಓಡ್ತದೆ, ಎಲ್ಲವೂ ಸ್ವಲ್ಪ ಸ್ವಲ್ಪ ಕಿವಿಗೆ ಬೀಳ್ಲಿ.

ಗೋಡೌನ್

ಇಲ್ಲಿ ಮಾಲು ಇಳಿಸುವ ರೀತಿ ಕಲೀರಿ. ಪರ್ಚೇಸ್ ಆರ್ಡರ್, ಬಂದ ಬಿಲ್, ಎದುರಿಗಿರುವ ಪೀಸ್, ಈ ಮೂರೂ ತಾಳೆ ಆದ ಮೇಲೆಯೇ ಎಂಟ್ರಿ ಮಾಡೋದು. ಬಂದ ಬಟ್ಟೆ ಕಟ್ಟಿನಲ್ಲಿ (ಬೇಲ್) ಎರಡು ಪೀಸ್ ಕಮ್ಮಿ, ಹೇಳಿದ ಕಲರ್ ಬದಲು ಬೇರೆ ಕಲರ್, ಸ್ಯಾಂಪಲಿಗಿಂತ ತೆಳು ಬಟ್ಟೆ, ಇದೆಲ್ಲ ಅದೇ ದಿನ ಫೋಟೋ ತೆಗ್ದು ಕಳ್ಸಿದ್ರೆ ಮಾತ್ರ ಬಿಲ್ಲಿನಿಂದ ದುಡ್ಡು ಕಳೆಯುವ ಕ್ರೆಡಿಟ್ ನೋಟ್ ಸಿಗ್ತದೆ, ವಾರ ಬಿಟ್ರೆ ಯಾರೂ ಕೇಳೋದಿಲ್ಲ. ಟಿ ಶರ್ಟ್ ಬಂದ್ರೆ ಒಂದನ್ನು ತೊಳ್ದು ಒಣಗ್ಸಿ ಅಳತೆ ಮಾಡಿ, ಎಷ್ಟು ಕುಗ್ಗಿತು ಅಂತ ನೋಡಿ. ಬಿಳಿ ಬಟ್ಟೆ ಒದ್ದೆ ಮಾಡಿ ಗಾಢ ಬಣ್ಣದ ಕುರ್ತಿಗೆ ಉಜ್ಜಿ, ಬಣ್ಣ ಬಿಡ್ತದಾ ಅಂತ ತಿಳೀತದೆ.

ಕರಾವಳಿಯಲ್ಲಿ ಇನ್ನೊಂದು ಉಂಟು, ಮಳೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮೇಲೆ ಬೀಳುವ ಊರಲ್ಲಿ ಜೂನಿನಿಂದ ಸೆಪ್ಟೆಂಬರ್ ತನಕ ಗೋಡೌನಿಗೆ ಶೀತ ಹಿಡೀತದೆ. ಬಾಕ್ಸ್ ನೆಲಕ್ಕೆ ತಾಗಬಾರದು, ಗೋಡೆಗೂ ತಾಗಬಾರದು, ಮರದ ಹಲಗೆ ಮೇಲೆ ಇಡ್ಬೇಕು. ಜರಿ ಸೀರೆ ಕಪ್ಪಾಗ್ತದೆ, ಬಿಳಿ ಶರ್ಟಿನ ಕಾಲರಿಗೆ ಬೂಸ್ಟು ಬರ್ತದೆ, ಲೆದರ್ ಬೆಲ್ಟ್ ಹೇಳೋದೇ ಬೇಡ. ಇದು ಬರೀ ಗೋಡೌನಿನ ವಿಷಯ ಅಂತ ತಿಳ್ಕೊಳ್ಬೇಡಿ, ಮೇ ತಿಂಗಳಲ್ಲಿ ಉಳಿದ ರೇಷ್ಮೆ ಸೀರೆಯನ್ನು ಮಳೆಗಾಲ ದಾಟಿಸ್ಬೇಕಾ ಅಥವಾ ಸ್ವಲ್ಪ ರೇಟ್ ಇಳ್ಸಿ ಈಗಲೇ ಬಿಡ್ಬೇಕಾ ಅನ್ನುವ ತೀರ್ಮಾನ ಇದರ ಮೇಲೆ ನಿಂತಿದೆ.

ಲೆಕ್ಕ

ಇಲ್ಲಿ ನಿಧಾನವಾಗಿ ಓದಿ, ಕ್ಯಾಲ್ಕುಲೇಟರ್ ಪಕ್ಕದಲ್ಲಿ ಇಟ್ಕೊಂಡ್ರೆ ಒಳ್ಳೇದು.

ಒಂದು ಕುರ್ತಿಯ ಖರೀದಿ ರೇಟ್ ಜಿಎಸ್‌ಟಿ ಬಿಟ್ಟು 400 ರೂಪಾಯಿ, ಎಂಆರ್‌ಪಿ 999 ಅಂತ ಇಟ್ಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ಸಿದ್ಧ ಉಡುಪಿಗೆ ಪೀಸಿಗೆ 2,500 ರೂಪಾಯಿ ತನಕ ಜಿಎಸ್‌ಟಿ ಶೇಕಡಾ 5, ಅದರ ಮೇಲೆ ಹೋದ್ರೆ ಶೇಕಡಾ 18. ಹಾಗಾಗಿ 999ರಲ್ಲಿ ತೆರಿಗೆ ತೆಗೆದ್ರೆ ಅಂಗಡಿಗೆ ಉಳಿಯೋದು 951, ಅದರಲ್ಲಿ 400 ಕಳೆದ್ರೆ 551, ಅಂದ್ರೆ ಮಾರ್ಜಿನ್ ಶೇಕಡಾ 58. ಇದನ್ನೇ 400ರ ಮೇಲೆ ಲೆಕ್ಕ ಹಾಕಿದ್ರೆ ಶೇಕಡಾ 138 ಬರ್ತದೆ, ಅದಕ್ಕೆ ಮಾರ್ಕಪ್ ಅಂತ ಹೇಳೋದು. ಎರಡನ್ನೂ ಬೆರೆಸಿ ಮಾತಾಡುವವ್ರು ಮಾರ್ಕೆಟಲ್ಲಿ ಬೇಕಾದಷ್ಟು ಜನ ಇದ್ದಾರೆ, ಏಜೆಂಟ್ ಪರ್ಸೆಂಟ್ ಹೇಳಿದ ಕೂಡ್ಲೇ ಯಾವುದರ ಮೇಲೆ ಅಂತ ಕೇಳಿ.

ಈಗ ಅದೇ ಕುರ್ತಿಗೆ ಶೇಕಡಾ 30 ಡಿಸ್ಕೌಂಟ್ ಹಾಕಿ. ಗಿರಾಕಿ ಕೊಡೋದು 699, ತೆರಿಗೆ ಕಳೆದ್ರೆ 666, ಖರೀದಿ ಕಳೆದ್ರೆ 266. ರೇಟ್ ಇಳಿದದ್ದು ಮೂವತ್ತು ಪರ್ಸೆಂಟ್, ಅಂಗಡಿಯ ದುಡ್ಡು ಇಳಿದದ್ದು ಅರ್ಧಕ್ಕಿಂತ ಹೆಚ್ಚು, 551 ಇದ್ದದ್ದು 266. ಇದೊಂದು ಲೆಕ್ಕ ತಲೆಯಲ್ಲಿ ಕೂತ್ರೆ ಸುಮ್ನೆ ಸುಮ್ನೆ ಸೇಲ್ ಬೋರ್ಡ್ ಹಾಕುವ ಮನಸ್ಸೇ ಬರೋದಿಲ್ಲ.

ಇನ್ನೊಂದು ಸೆಲ್ ಥ್ರೂ, ಬಂದದ್ದರಲ್ಲಿ ಎಷ್ಟು ಪರ್ಸೆಂಟ್ ಹೋಯ್ತು ಅನ್ನೋದು. 120 ಕುರ್ತಿ ಬಂತು, ನಾಲ್ಕು ವಾರದಲ್ಲಿ 78 ಹೋಯ್ತು, ಸೆಲ್ ಥ್ರೂ ಶೇಕಡಾ 65. ಪರ್ವಾಗಿಲ್ಲ ಅನ್ನಿಸ್ತದೆ ಅಲ್ವಾ? ಸೈಜ್ ಬಿಡ್ಸಿ ನೋಡಿ. ಎಸ್, ಎಂ, ಎಲ್ ತಲಾ 30, ಎಕ್ಸೆಲ್, ಡಬಲ್ ಎಕ್ಸೆಲ್ ತಲಾ 15 ಬಂದಿತ್ತು. ಎಸ್ ಹೋದದ್ದು 6, ಎಂ 19, ಎಲ್ 26, ಎಕ್ಸೆಲ್ ಪೂರ್ತಿ 15, ಡಬಲ್ ಎಕ್ಸೆಲ್ 12. ಎಕ್ಸೆಲ್ ಎರಡನೇ ವಾರಕ್ಕೇ ಖಾಲಿ, ಆಮೇಲಿನ ಎರಡು ವಾರ ಆ ಸೈಜ್ ಕೇಳಿದವ್ರೆಲ್ಲ ವಾಪಸ್. ಎಸ್ ಇನ್ನೂ 24 ಪೀಸ್ ಕೂತಿದೆ, ಅದಕ್ಕೆ ಕೊನೆಗೆ ಡಿಸ್ಕೌಂಟೇ ಗತಿ. ಎರಡು ವಾರದಲ್ಲಿ 15 ಹೋದ ಎಕ್ಸೆಲ್ ನಾಲ್ಕು ವಾರ ಸಿಕ್ಕಿದ್ರೆ 30 ಹೋಗ್ತಿತ್ತು ಅಂತ ಹಿಡ್ಕೊಂಡು ಮುಂದಿನ 120ಕ್ಕೆ ಎಸ್ 8, ಎಂ 24, ಎಲ್ 32, ಎಕ್ಸೆಲ್ 40, ಡಬಲ್ ಎಕ್ಸೆಲ್ 16 ಅಂತ ಕೇಳ್ಬೇಕು. ಏಜೆಂಟ್ "ಸೆಟ್ ಒಡೆಯೋಕಾಗೋದಿಲ್ಲ ಸಾರ್, ಕಂಪೆನಿ ರೇಶಿಯೋ ಇದೇ" ಅಂತಾನೆ. ಆಗ ಈ ಕಾಗದ ಮುಂದಿಡಿ. ಪೂರ್ತಿ ಒಪ್ಪದಿದ್ರೂ ಎಸ್ ಅರ್ಧ ಮಾಡಿಸ್ಕೊಳ್ಬಹುದು, ಅಷ್ಟಾದ್ರೂ ಲಾಭವೇ.

ಮೂರನೇದು ಓಪನ್ ಟು ಬೈ. ಈ ತಿಂಗಳು ಇನ್ನೆಷ್ಟು ಮಾಲು ತರಿಸ್ಬಹುದು ಅನ್ನುವ ಮಿತಿ. ಆಗ್ಬಹುದಾದ ಸೇಲು, ಡಿಸ್ಕೌಂಟಲ್ಲಿ ಹೋಗ್ಬಹುದಾದ ಮೊತ್ತ, ತಿಂಗಳ ಕೊನೆಗೆ ಕೈಯಲ್ಲಿ ಇರ್ಬೇಕಾದ ಸ್ಟಾಕ್ ಈ ಮೂರನ್ನು ಕೂಡ್ಸಿ. ಅದರಿಂದ ತಿಂಗಳ ಶುರುವಿನ ಸ್ಟಾಕ್ ಮತ್ತೆ ಈಗಾಗ್ಲೇ ಆರ್ಡರ್ ಹಾಕಿ ಬರಬೇಕಾದ್ದು ಎರಡನ್ನು ಕಳೀರಿ. ಚೌತಿ ತಿಂಗಳಿಗೆ ಲೇಡೀಸ್ ಸೆಕ್ಷನಲ್ಲಿ ಸೇಲು 8 ಲಕ್ಷ, ಡಿಸ್ಕೌಂಟ್ ಅರ್ಧ ಲಕ್ಷ, ಕೊನೆಗೆ ಬೇಕಾದ ಸ್ಟಾಕ್ 12 ಲಕ್ಷ, ಒಟ್ಟು ಇಪ್ಪತ್ತೂವರೆ. ಶುರುವಿನ ಸ್ಟಾಕ್ 10, ಬರಬೇಕಾದ್ದು 4, ಕಳೆದ್ರೆ ಆರೂವರೆ ಲಕ್ಷ. ಇದು ಎಂಆರ್‌ಪಿ ಲೆಕ್ಕ, ಖರೀದಿ ರೇಟ್ ಎಂಆರ್‌ಪಿಯ ಶೇಕಡಾ 55 ಇರುವ ಸೆಕ್ಷನ್ ಆದ್ರೆ ನಿಜವಾಗಿ ಬಿಲ್ ಮಾಡ್ಬಹುದಾದ್ದು ಸುಮಾರು ಮೂರೂವರೆ ಲಕ್ಷ. ಏಜೆಂಟ್ ಎಷ್ಟೇ ಚಂದದ ಮಾಲು ತೋರ್ಸಿದ್ರೂ ಆ ಮಿತಿ ದಾಟ್ಬಾರ್ದು, ದಾಟುವುದಾದ್ರೆ ಬೇರೆ ಯಾವುದೋ ಆರ್ಡರ್ ಕ್ಯಾನ್ಸಲ್ ಮಾಡಿ ದಾಟ್ಬೇಕು. ಜವಳಿ ವ್ಯಾಪಾರದಲ್ಲಿ ಮುಳುಗಿದವ್ರು ಹೆಚ್ಚಿನವ್ರು ಮಾಲು ಹೋಗ್ಲಿಲ್ಲ ಅಂತ ಮುಳುಗಿದ್ದಕ್ಕಿಂತ ದುಡ್ಡೆಲ್ಲ ಕಪಾಟಲ್ಲಿ ಸಿಕ್ಕಿಹಾಕ್ಕೊಂಡು ಹೊಸ ಮಾಲು ತರೋಕೆ ಕೈ ಖಾಲಿಯಾಗಿ ಮುಳುಗಿದ್ದು.

ಇದಿಷ್ಟನ್ನೂ ಕಂಪ್ಯೂಟರಿನ ಎಕ್ಸೆಲ್ ಶೀಟಲ್ಲಿ ಮಾಡೋಕೆ ಕಲೀರಿ. ಲೆಕ್ಕವನ್ನು ಗುಂಪು ಮಾಡಿ ತೋರಿಸುವ ಪಿವಟ್ ಟೇಬಲ್, ಒಂದು ಪಟ್ಟಿಯಿಂದ ಹುಡುಕಿ ತರುವ ವಿಲುಕಪ್ ಎರಡು ಬಂದ್ರೆ ಶುರುವಿಗೆ ಸಾಕು.

ನಮ್ಮ ಕಡೆಯ ಕ್ಯಾಲೆಂಡರ್

ಬೆಂಗಳೂರಲ್ಲಿ ಕೂತವರಿಗೆ ಸಮ್ಮರ್, ವಿಂಟರ್ ಅಂತ ಎರಡು ಸೀಸನ್ ಸಾಕು. ಕರಾವಳಿಯಲ್ಲಿ ಆ ಲೆಕ್ಕ ಹಿಡೀಲಿಕ್ಕಾಗೋದಿಲ್ಲ, ಸ್ವೆಟರ್ ಇಲ್ಲಿ ಯಾರಿಗೆ ಬೇಕು ಮಾರಾಯ್ರೆ. ಇಲ್ಲಿ ಬಟ್ಟೆ ಹೋಗೋದು ಹಬ್ಬ, ಮದುವೆ, ದೇವಸ್ಥಾನ, ಇಗರ್ಜಿ, ಮಸೀದಿ ಮತ್ತೆ ಗಲ್ಫಿನ ವಿಮಾನ ಇವುಗಳ ಹಿಂದೆ.

ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದ ತನಕ ತುಳುವರ ಆಟಿ ತಿಂಗಳು, ಮದುವೆ ಇಲ್ಲ, ಶುಭಕಾರ್ಯ ಇಲ್ಲ, ಧಾರಾಕಾರ ಮಳೆ. ಆಟಿ ಸೇಲ್ ಹಾಕುವ ರೂಢಿ ಬಂದದ್ದೇ ಅದಕ್ಕೆ. ಅದರ ಮುಂದಿನ ತಿಂಗಳು ಸೋಣ ಬಂದ ಕೂಡ್ಲೇ ಅಷ್ಟಮಿ, ಚೌತಿ, ಸೆಪ್ಟೆಂಬರ್ 8ಕ್ಕೆ ಕ್ರೈಸ್ತರ ತೆನೆಹಬ್ಬ ಮೊಂತಿ ಫೆಸ್ತ್, ಆಮೇಲೆ ಮಂಗಳೂರು ದಸರಾ, ದೀಪಾವಳಿ, ಕ್ರಿಸ್‌ಮಸ್. ಕ್ರಿಸ್‌ಮಸ್ ರಜೆಗೆ, ಆಮೇಲೆ ಬೇಸಿಗೆಗೆ ಗಲ್ಫಿನವ್ರು ಊರಿಗೆ ಬರ್ತಾರೆ, ಮನೆ ಮಂದಿಗೆಲ್ಲ ಒಟ್ಟಿಗೆ ತಗೊಳ್ತಾರೆ. ಕ್ರೈಸ್ತರ ಮದುವೆಗೆ ಹಿಂದಿನ ಶಾಸ್ತ್ರವಾದ ರೋಸ್ ದಿನದ ಬಟ್ಟೆ ಬೇರೆ, ಮದುಮಗಳ ಸಾಡೊ ಸೀರೆ ಬೇರೆ, ಈಸ್ಟರಿಗೆ ಮೊದಲಿನ ತಪಸ್ಸಿನ ಕಾಲದ ನಲ್ವತ್ತು ದಿನ ಮದುವೆ ಇಲ್ಲ. ಮೇ ಕೊನೆಗೆ ಯೂನಿಫಾರ್ಮ್, ರೈನ್‌ಕೋಟ್. ಉಡುಪಿಯಲ್ಲಿ ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಕೃಷ್ಣಮಠದ ಪೂಜೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಪರ್ಯಾಯ, ಆ ವಾರ ಊರೇ ತುಂಬಿರ್ತದೆ.

ಈಗ ಮುಖ್ಯ ವಿಷಯ. ಇದರಲ್ಲಿ ಕೆಲವು ತಾರೀಕು ಕದಲೋದಿಲ್ಲ, ಕೆಲವು ಓಡಾಡ್ತವೆ. ಆಟಿ ಸೌರಮಾನ, ಪ್ರತಿ ವರ್ಷ ಅಲ್ಲೇ ಇರ್ತದೆ. ಚೌತಿ ಚಾಂದ್ರಮಾನ, 2025ರಲ್ಲಿ ಆಗಸ್ಟ್ 27ಕ್ಕೆ ಇದ್ದದ್ದು 2026ರಲ್ಲಿ ಸೆಪ್ಟೆಂಬರ್ 14. ಈದ್ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರೀತದೆ. ಹಾಗಾಗಿ ಹೋದ ವರ್ಷದ ಆಗಸ್ಟಿನ ಸೇಲನ್ನು ಈ ವರ್ಷದ ಆಗಸ್ಟಿಗೆ ಹೋಲ್ಸಿದ್ರೆ ಸೇಲ್ ಬಿದ್ದುಹೋಯ್ತು ಅಂತ ಗಾಬರಿ ಆಗ್ತದೆ, ನಿಜಕ್ಕೂ ಹಬ್ಬ ಸೆಪ್ಟೆಂಬರಿಗೆ ಹೋಗಿದೆ ಅಷ್ಟೇ. ಹಬ್ಬದ ಹಿಂದಿನ ನಾಲ್ಕು ವಾರಕ್ಕೆ ಹಬ್ಬದ ಹಿಂದಿನ ನಾಲ್ಕು ವಾರವನ್ನೇ ಹೋಲ್ಸಿ. 2026ರಲ್ಲಿ ಮೇ 17ರಿಂದ ಜೂನ್ 15ರ ತನಕ ಅಧಿಕ ಮಾಸ, ಮದುವೆ ಸೀಸನಿನ ನಡುವೆಯೇ ಮುಹೂರ್ತ ಕಮ್ಮಿ, ಅಂಥ ವರ್ಷದಲ್ಲಿ ರೇಷ್ಮೆ ಸೀರೆ ಏಪ್ರಿಲಿಗೇ ಪೂರ್ತಿ ಬಂದು ನಿಲ್ಲಬೇಕು. ಅಪ್ರೆಂಟಿಸ್ ಆಗಿ ನೀವು ಧನಿಗಳಿಗೆ ಕೊಡ್ಬಹುದಾದ ದೊಡ್ಡ ಉಪಕಾರ ಅಂದ್ರೆ ಪಂಚಾಂಗ, ಚರ್ಚ್ ಕ್ಯಾಲೆಂಡರ್, ಹಿಜ್ರಿ ಕ್ಯಾಲೆಂಡರ್ ಮೂರನ್ನೂ ಎದುರಿಗಿಟ್ಟು ಮುಂದಿನ ಹನ್ನೆರಡು ತಿಂಗಳಿನ ಒಂದು ಶೀಟ್ ಮಾಡಿ ಕೊಡೋದು, ಯಾವ ವಾರ ಯಾವ ಮಾಲು ಅಂಗಡಿಗೆ ಬಂದಿರ್ಬೇಕು, ಅದಕ್ಕೆ ಯಾವ ವಾರ ಆರ್ಡರ್ ಹೋಗ್ಬೇಕು ಅಂತ.

ಜೀರ್ಣೋದ್ಧಾರ ಆದ ದೇವಸ್ಥಾನದಲ್ಲಿ ನಡೆಯುವ ಬ್ರಹ್ಮಕಲಶ ಅಂತ ಒಂದು ಉತ್ಸವ ಉಂಟಲ್ಲ, ಅದು ಯಾವ ಪುಸ್ತಕದಲ್ಲೂ ಇಲ್ಲದ ಡಿಮಾಂಡ್. ಮಹಿಳಾ ಸಮಿತಿಯವ್ರು ಏಳೆಂಟು ಜನ ಒಟ್ಟಿಗೆ ಬರ್ತಾರೆ, ದೇವಸ್ಥಾನಕ್ಕೆ ಸಾಮಾನು ಒಪ್ಪಿಸುವ ಹೊರೆಕಾಣಿಕೆ ಮೆರವಣಿಗೆಗೆ ಒಂದೇ ಡಿಸೈನಿನ 150 ಸೀರೆ ಬೇಕು, ರೇಟ್ ಇಷ್ಟರೊಳಗೇ ಇರ್ಬೇಕು, ಹತ್ತು ದಿನದಲ್ಲಿ. ಅಂಗಡಿಯಲ್ಲಿ ಅದೇ ಸೀರೆ ಹನ್ನೆರಡು ಇರ್ತದೆ. ಸದಾ ಸ್ಟಾಕ್ ಇರುವ ರನ್ನಿಂಗ್ ಡಿಸೈನ್ ಇಟ್ಕೊಂಡಿರುವ ಸೂರತ್ತಿನ ಪಾರ್ಟಿಯ ನಂಬರ್ ಕೈಯಲ್ಲಿದ್ರೆ, ಸ್ಟಾಕ್ ಎಷ್ಟುಂಟು ಅಂತ ಅರ್ಧ ಗಂಟೆಯಲ್ಲಿ ಹೇಳ್ಲಿಕ್ಕಾದ್ರೆ ಆ ಆರ್ಡರ್ ನಿಮ್ಮದು, ಇಲ್ಲಾಂದ್ರೆ ಅವ್ರು ಎದುರಿನ ಅಂಗಡಿಗೆ. ಸುತ್ತಮುತ್ತಲಿನ ದೇವಸ್ಥಾನಗಳ ಜೀರ್ಣೋದ್ಧಾರದ ಫ್ಲೆಕ್ಸ್ ಕಂಡಲ್ಲೆಲ್ಲ ತಾರೀಕು ಬರೆದಿಟ್ಕೊಳ್ಳಿ.

ಏಜೆಂಟ್, ಸೂರತ್, ತಿರುಪ್ಪೂರು

ಸಿಂಥೆಟಿಕ್ ಸೀರೆ, ಡ್ರೆಸ್ ಮೆಟೀರಿಯಲ್ಲಿಗೆ ಸೂರತ್, ಟಿ ಶರ್ಟ್, ಒಳಉಡುಪು, ನೈಟಿಯ ಹೊಸೈರಿಗೆ ತಿರುಪ್ಪೂರು, ಲುಂಗಿ, ಬೆಡ್‌ಶೀಟಿಗೆ ಈರೋಡು ಕಡೆ, ಜೀನ್ಸಿಗೆ ಬಳ್ಳಾರಿ, ರೇಷ್ಮೆಗೆ ಕಾಂಚೀಪುರಂ, ಬನಾರಸ್, ಹೋಲ್‌ಸೇಲ್ ಅವಸರಕ್ಕೆ ಬೆಂಗಳೂರಿನ ಚಿಕ್ಕಪೇಟೆ. ಕೊಂಕಣ ರೈಲಿನಲ್ಲಿ ಉಡುಪಿಯಿಂದ ನೇರ ಸೂರತ್ತಿಗೆ ಹೋಗ್ಬಹುದು, ತಿರುಪ್ಪೂರಿಗೆ ಮಂಗಳೂರು ಸೆಂಟ್ರಲಿನಿಂದ ವೆಸ್ಟ್‌ಕೋಸ್ಟ್ ಎಕ್ಸ್‌ಪ್ರೆಸ್ ಉಂಟು. ಪರ್ಚೇಸ್ ಟ್ರಿಪ್ಪಿಗೆ ಒಮ್ಮೆಯಾದ್ರೂ ಕರ್ಕೊಂಡು ಹೋಗಿ ಅಂತ ಧನಿಗಳ ಹತ್ರ ಕೇಳಿ, ಬ್ಯಾಗ್ ಹಿಡಿಯುವ ಕೆಲಸ ಆದ್ರೂ ಸರಿ.

ರೇಟ್ ಮಾತಾಡುವಾಗ ಕಲಿಯುವವ್ರು ಗಮನ ಕೊಡದ ಒಂದು ಜಾಗ ಉಂಟು. ಪೀಸಿಗೆ ಹತ್ತು ರೂಪಾಯಿ ಇಳ್ಸೋಕೆ ಒಂದು ಗಂಟೆ ಜಗ್ಗಾಡ್ತಾರೆ, ಉಳಿದ ಮಾಲು ವಾಪಸ್ ತಗೊಳ್ತೀರಾ, ಸಾಗಾಟದ ಖರ್ಚು ಯಾರದ್ದು, ಲೇಟಾಗಿ ಬಂದ್ರೆ ಎಂತ, ಪೇಮೆಂಟ್ ಎಷ್ಟು ದಿನಕ್ಕೆ ಅನ್ನೋದನ್ನು ಕೇಳೋದೇ ಇಲ್ಲ. ಚೌತಿಯ ಮಾಲು ಚೌತಿ ಆದ ಮೇಲೆ ಬಂದ್ರೆ ಹತ್ತು ರೂಪಾಯಿ ಕಮ್ಮಿ ಆಗಿ ಎಂತ ಪ್ರಯೋಜನ? ಆರ್ಡರಲ್ಲೇ ಕೊನೆಯ ತಾರೀಕು ಬರೀರಿ, ಅದು ದಾಟಿದ್ರೆ ಮಾಲು ಇಳಿಸೋದಿಲ್ಲ ಅಂತ ಬರೀರಿ. ಪೇಮೆಂಟಿನ ವಿಷಯಕ್ಕೆ ಕಾನೂನು ಉಂಟು, ಸಣ್ಣ ಉತ್ಪಾದಕರಿಗೆ ಬರಹದ ಒಪ್ಪಂದ ಇದ್ರೆ ಹೆಚ್ಚೆಂದ್ರೆ 45 ದಿನ, ಇಲ್ಲದಿದ್ರೆ 15 ದಿನದೊಳಗೆ ದುಡ್ಡು ಕೊಡ್ಬೇಕು. 2024ರ ಏಪ್ರಿಲಿನಿಂದ ಹಾಗೆ ಕೊಡದೆ ಬಾಕಿ ಆರ್ಥಿಕ ವರ್ಷ ದಾಟಿದ್ರೆ ಆ ವರ್ಷದ ಆದಾಯ ತೆರಿಗೆ ಲೆಕ್ಕದಲ್ಲಿ ಆ ಖರ್ಚು ತೋರಿಸ್ಲಿಕ್ಕಾಗೋದಿಲ್ಲ. ಅಂಗಡಿಯ ಅಕೌಂಟೆಂಟ್ ಹತ್ರ ಕೂತು ಇದನ್ನು ಸರಿಯಾಗಿ ಕೇಳ್ಕೊಳ್ಳಿ.

ಏಜೆಂಟ್ ಹಬ್ಬಕ್ಕೆ ಗಿಫ್ಟ್ ಕೊಡೋಕೆ ಬಂದ್ರೆ ಧನಿಗಳ ಎದುರೇ ಕೊಡಿ ಅಂತ ಹೇಳಿ. ಒಂದು ಸೀರೆ ಮನೆಗೆ ಹೋದ್ರೆ ಆಮೇಲೆ ಆ ಪಾರ್ಟಿಯ ಮಾಲು ಚೆನ್ನಾಗಿಲ್ಲ ಅಂತ ಹೇಳೋಕೆ ಬಾಯಿ ಬರೋದಿಲ್ಲ.

ಊರಿನ ಮಗ್ಗ

ಉಡುಪಿ ಸೀರೆಗೆ ಜಿಐ ಟ್ಯಾಗ್, ಅಂದ್ರೆ ಈ ಊರಿನದ್ದೇ ಅನ್ನುವ ಕಾನೂನಿನ ಗುರುತು, ಉಂಟು. ಹಗುರ ಕಾಟನ್, ಸಣ್ಣ ಬಾರ್ಡರ್, ನಮ್ಮ ಸೆಖೆಗೆ ಹೇಳಿ ಮಾಡ್ಸಿದ ಬಟ್ಟೆ. ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘ, ಅದರ ಜೊತೆ ಕೆಲಸ ಮಾಡುವ ಕದಿಕೆ ಟ್ರಸ್ಟ್, ಉಡುಪಿಯ ಶಿವಳ್ಳಿ ನೇಕಾರರ ಸಂಘ ಇವುಗಳಿಗೆ ಒಂದು ದಿನ ಹೋಗಿ ನೋಡಿ ಬನ್ನಿ. ಮಗ್ಗದ ಎದುರು ನಿಂತು ಲಾಳಿ ಹೋಗಿ ಬರೋದನ್ನು ನೋಡಿದವರಿಗೆ ಪವರ್‌ಲೂಮಿನ ಸೀರೆಯನ್ನು ಕೈಮಗ್ಗ ಅಂತ ಹೇಳಿ ಮಾರ್ಲಿಕ್ಕೆ ಯಾರಿಂದಲೂ ಆಗೋದಿಲ್ಲ. ಬೈಯರ್ ಆಗುವವರಿಗೆ ಇದರಲ್ಲಿ ಇನ್ನೊಂದು ಪಾಠ ಉಂಟು. 200 ಸೀರೆ ಮುಂದಿನ ವಾರಕ್ಕೆ ಅಂದ್ರೆ ಆಗದ ಮಾತು, ಆರು ತಿಂಗಳು ಮೊದಲೇ ಹೇಳಿ, ಅಡ್ವಾನ್ಸ್ ಕೊಟ್ಟು, ಬಂದಷ್ಟು ಬಂದ ಹಾಗೆ ತಗೊಳ್ಬೇಕು. ಮತ್ತೆ ಇಂಥ ಸೀರೆಯನ್ನು 30 ಪರ್ಸೆಂಟ್ ಡಿಸ್ಕೌಂಟಿನ ರಾಶಿಗೆ ಹಾಕ್ಬಾರ್ದು. ನೇಯ್ದವರ ಕೂಲಿಯೇ ಅದರ ಬೆಲೆಯ ದೊಡ್ಡ ಪಾಲು, ಅದು ಹಾಳಾಗಬಾರದು ಅಂತ ನನಗೆ ಬಹಳ ಉಂಟು.

ಕೊನೆಯ ತಿಂಗಳುಗಳು

ಒಂದು ಸಣ್ಣ ಕೆಟಗರಿ ನಿಮ್ಮ ಕೈಗೆ ಕೇಳಿ ತಗೊಳ್ಳಿ. ಲೆಗಿಂಗ್ಸ್, ನೈಟಿ, ಮಕ್ಕಳ ಟಿ ಶರ್ಟ್, ಇಂಥದ್ದು ರೇಟ್ ಕಮ್ಮಿ, ವಾರವಾರ ಓಡುವ ಮಾಲು. ಮೂರು ತಿಂಗಳು ಅದರ ಸ್ಟಾಕ್, ಆರ್ಡರ್, ಸೈಜ್, ಡಿಸ್ಕೌಂಟ್ ಎಲ್ಲ ನೀವೇ ಮಾಡಿ, ಮ್ಯಾನೇಜರ್ ನೋಡಿ ಒಪ್ಪಿಗೆ ಕೊಡ್ಲಿ. ಶುರುವಲ್ಲಿ ಸೆಲ್ ಥ್ರೂ ಎಷ್ಟಿತ್ತು, ಕೊನೆಗೆ ಎಷ್ಟಾಯ್ತು, ಯಾವ ಸೈಜ್ ಖಾಲಿ ಆಗೋದು ನಿಂತಿತು, ಎಲ್ಲ ಒಂದು ಹತ್ತು ಪುಟದ ಫೈಲ್ ಮಾಡಿ. ಅಂಗಡಿಯ ನಿಜವಾದ ಖರೀದಿ ರೇಟ್, ಪಾರ್ಟಿಗಳ ಹೆಸರು ಅದರಲ್ಲಿ ಬೇಡ, ಪರ್ಸೆಂಟ್ ಮಾತ್ರ ಹಾಕಿ, ಹೊರಗೆ ತೋರಿಸ್ಲಿಕ್ಕೆ ಧನಿಗಳ ಒಪ್ಪಿಗೆ ಕೇಳಿ.

ಸರ್ಟಿಫಿಕೇಟ್ ಪರೀಕ್ಷೆಗೆ ಪೋರ್ಟಲಲ್ಲಿ ಹಾಜರಿ, ಸ್ಟೈಪೆಂಡ್ ಎಂಟ್ರಿ ಎಲ್ಲ ಸರಿ ಇರ್ಬೇಕು, ಕೊನೆಯ ತಿಂಗಳಲ್ಲಿ ಓಡಾಡುವ ಬದಲು ಪ್ರತಿ ತಿಂಗಳು ಚೆಕ್ ಮಾಡ್ತಾ ಬನ್ನಿ.

ಅಲ್ಲಿಂದ ಬೆಂಗಳೂರಿಗೆ ಹೋಗುವವ್ರು ಅಸಿಸ್ಟೆಂಟ್ ಬೈಯರ್, ಬ್ರಾಂಚುಗಳಿಗೆ ಮಾಲು ಹಂಚುವ ಅಲೊಕೇಟರ್, ಮರ್ಚಂಡೈಸ್ ಪ್ಲಾನಿಂಗ್ ಟ್ರೈನಿ ಈ ಹೆಸರಿನ ಕೆಲಸ ಹುಡುಕಿ. ಮುಂದೆ ಓದುವ ಮನಸ್ಸಿದ್ರೆ ನಿಫ್ಟ್ ಅಂದ್ರೆ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಫ್ಯಾಷನ್ ಟೆಕ್ನಾಲಜಿಯ ಫ್ಯಾಷನ್ ಮ್ಯಾನೇಜ್‌ಮೆಂಟ್ ಮಾಸ್ಟರ್ಸ್ ಉಂಟು, ಯಾವುದೇ ಡಿಗ್ರಿ ಆದವರೂ ಅದರ ಎಂಟ್ರೆನ್ಸ್ ಬರೀಬಹುದು. ಇಂಟರ್‌ವ್ಯೂನಲ್ಲಿ ನಿಮಗೆ ಯಾವ ಬ್ರ್ಯಾಂಡ್ ಇಷ್ಟ ಅಂತ ಕೇಳಿದ್ರೆ ಎರಡು ವಾಕ್ಯದಲ್ಲಿ ಮುಗ್ಸಿ, ಫೈಲ್ ತೆಗ್ದು ಆ 120 ಕುರ್ತಿಯ ಹಾಗಿನ ನಿಮ್ಮದೇ ಒಂದು ಲೆಕ್ಕ ತೋರ್ಸಿ, ಆಮೇಲೆ ಮಾತು ಅದರ ಮೇಲೆಯೇ ನಡೀತದೆ. ಊರಲ್ಲೇ ಉಳಿಯುವವ್ರು ಅದೇ ಫೈಲ್ ಹಿಡ್ಕೊಂಡು ಧನಿಗಳ ಹತ್ರ ಕೂತು ಸಂಬಳ ಮಾತಾಡಿ, ದೀಪಾವಳಿಯ ಲೆಕ್ಕ ಮುಗಿದು ಕ್ರಿಸ್‌ಮಸ್ ಮಾಲಿನ ಗಡಿಬಿಡಿ ಶುರುವಾಗುವ ಮೊದಲು, ಆ ನಡುವಿನ ವಾರ ನೋಡ್ಕೊಂಡು.